ಜವಳು ಹೊಲದ ಎರಡನೆಯ ಬಿತ್ತನೆ

ಕಳೆದ ತಿಂಗಳು ನಮ್ಮ ಅಂಗಡಿಗೆ ಒಂದು ಬೀಜದ ಕಂಪನಿಯ ಪ್ರತಿನಿಧಿ ಬಂದಿದ್ದ. ಇಂಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೀಜ, ಗೊಬ್ಬರ, ಔಷಧ ಮಾರುವ ಅಂಗಡಿ ಅದು; ನಾನು ಅಲ್ಲಿ ಕೌಂಟರಿನ ಹಿಂದೆ ನಿಲ್ಲುವವನು. ಹೊರಗೆ ನಿಂಬೆಹಣ್ಣಿನ ಚೀಲ ಹೇರಿಕೊಂಡ ಟೆಂಪೊಗಳು ಹಾರ್ನ್ ಹೊಡೆಯುತ್ತಿದ್ದವು. ಆತ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟು, "ಮಳಿ ನಿಂತ ಹೊಲದಾಗೂ ನಾಟತೈತ್ರಿ ಇದು. ಹೊಸಾ ಮಾಲು" ಎಂದ. ತುದಿ ಕತ್ತರಿಸಿ ಅಂಗೈಗೆ ನಾಲ್ಕು ಕಾಳು ಸುರಿದುಕೊಂಡೆ. ಬೂದುಬಿಳಿ ಅಂಗಿ ತೊಟ್ಟ ತೊಗರಿ. ಮೂಗಿಗೆ ಹಿಡಿದೆ. ಹಸಿ ಸುಣ್ಣದ ವಾಸನೆ, ಅದರೊಳಗೆ ಅಂಟಿನ ಸಣ್ಣ ಹುಳಿ. ಹೊಸ ಮಾಲಂತೆ! ಆತ ಶಾಲೆ ಮಕ್ಕಳಿಗೆ ಬಿಡಿಸಿ ಹೇಳುವಂತೆ ನನಗೆ ಹೇಳುತ್ತಿದ್ದ, ನಾನು ಹೂಂ ಹೂಂ ಎನ್ನುತ್ತಿದ್ದೆ. ಆ ವಾಸನೆಯ ಜೊತೆ ಒಂದು ಇಡೀ ಮಳೆಗಾಲ ಕಳೆದವನು ನಾನು ಎಂದು ಹೇಳಲು ಮನಸ್ಸಾಗಲಿಲ್ಲ. ಹೇಳಲು ಶುರುಮಾಡಿದರೆ ಕೊನೆಯವರೆಗೂ ಹೇಳಬೇಕಾಗುತ್ತಿತ್ತು.

ಅದು ಕೊರೊನಾ ಮುಗಿದು ಬಸ್ಸುಗಳಲ್ಲಿ ಜನ ಮತ್ತೆ ಮೈಗೆ ಮೈ ತಾಗಿಸಿ ನಿಲ್ಲತೊಡಗಿದ್ದ ಕಾಲ. ಒಂದು ಸಂಶೋಧನಾ ಯೋಜನೆಯಲ್ಲಿ ನಾನು ಗುತ್ತಿಗೆಯ ಕ್ಷೇತ್ರ ಸಹಾಯಕನಾಗಿದ್ದೆ. ಹೆಸರು ದೊಡ್ಡದು, ಕೆಲಸವೆಂದರೆ ಬೀಜದ ಚೀಲ ಹೊರುವುದು, ಹೊಲದಲ್ಲಿ ಹಗ್ಗ ಹಿಡಿಯುವುದು, ಮೊಳಕೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ನಾಲ್ಕು ತಾಲೂಕು, ತಾಲೂಕಿಗೊಂದು ಹೊಲ, ನಾಲ್ಕಕ್ಕೂ ನಾನೊಬ್ಬನೇ. ನಕಾಶೆಯಲ್ಲಿ ನೋಡಿದರೆ ಅಂಗೈಯಷ್ಟು ಜಾಗ. ಅದು ಎಷ್ಟು ಉದ್ದ ಎಂಬುದು ಬಸ್ಸಿನಲ್ಲಿ ಓಡಾಡಿದವನ ಸೊಂಟಕ್ಕೆ ಗೊತ್ತು. ಎಲ್ಲಿ ಇಳಿದರೂ ಅದೇ ಎರೆಭೂಮಿ. ಒಣಗಿದರೆ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಚಪ್ಪಲಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ವರ್ಷ ನನ್ನ ಮೂರು ಜೊತೆ ಚಪ್ಪಲಿಗಳನ್ನು ಹೊಲಗಳೇ ತಿಂದವು.

ಬರದ ಜಿಲ್ಲೆ ಎಂದು ಹೆಸರಾದ ನಮ್ಮಲ್ಲಿ ನೀರು ಹೆಚ್ಚಾಗಿ ಬೆಳೆ ಸಾಯುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ಆದರೆ ಎರೆಮಣ್ಣು ಕುಡಿದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಿತ್ತಿದ ಮರುದಿನ ಜೋರು ಮಳೆ ಬಂದು ಮೂರು ದಿನ ನೀರು ನಿಂತರೆ ಒಳಗಿರುವ ಕಾಳು ಉಸಿರುಕಟ್ಟಿ ಕೊಳೆಯುತ್ತದೆ. ಬೀಜಕ್ಕೂ ಉಸಿರು ಬೇಕು ಎಂಬುದನ್ನು ನಾನು ಓದಿದ್ದು ಡಿಪ್ಲೊಮಾದಲ್ಲಿ, ನಂಬಿದ್ದು ಆ ವರ್ಷ. ಇದಕ್ಕೆ ಉಪಾಯವಾಗಿ ನಮ್ಮ ಯೋಜನೆಯವರು ತೊಗರಿ ಬೀಜಕ್ಕೆ ಅಂಟು ಸವರಿ, ಅದರ ಮೇಲೆ ಒಂದು ಬಿಳಿ ಪುಡಿ ಮೆತ್ತಿ ಒಣಗಿಸುತ್ತಿದ್ದರು. ನೆನೆದಾಗ ಆ ಪುಡಿ ನಿಧಾನವಾಗಿ ಪ್ರಾಣವಾಯು ಬಿಡುತ್ತದೆ; ಸುತ್ತ ನೀರು ನಿಂತಿದ್ದರೂ ಕಾಳು ನಾಲ್ಕೈದು ದಿನ ತಡೆದುಕೊಂಡು ತಲೆ ಎತ್ತುತ್ತದೆ. ಹೊಲದ ಅರ್ಧಕ್ಕೆ ಈ ಲೇಪನದ ಬೀಜ, ಇನ್ನರ್ಧಕ್ಕೆ ಬರಿ ಬೀಜ. ಯಾವುದು ನಾಟುತ್ತದೆ ನೋಡಬೇಕು. ಪ್ರಯೋಗ ಎಂದರೆ ಇಷ್ಟೇ.

ಇಂಡಿಯ ಹೊಲ ಭೀಮಾ ನದಿಯ ದಂಡೆಯಲ್ಲಿತ್ತು, ಸಿಂದಗಿಯದು ಕೆರೆಯ ಕೆಳಗೆ, ಬಾಗೇವಾಡಿಯದು ಹಿನ್ನೀರಿನ ಅಂಚಿಗೆ. ಆ ಮೂರರ ಕಥೆ ರಿಜಿಸ್ಟರಿನಲ್ಲಿದೆ. ನಾಲ್ಕನೆಯದು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯಲ್ಲಿತ್ತು. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆಯುವ ಮುಖ ನನಗಿಲ್ಲ. ಮೇಲೆ ಕಾಲುವೆ ಬಂದ ಮೇಲೆ ಕೆಳಗಿನ ಹೊಲಗಳಿಗೆ ನೀರು ಬಸಿದು ಬಸಿದು ಅವು ಜವಳು ಹಿಡಿದಿದ್ದವು. ಬೇಸಿಗೆಯಲ್ಲೂ ಹಿಮ್ಮಡಿ ಇಟ್ಟಲ್ಲಿ ತೇವ ಜಿನುಗುವ, ಜೇಕು ಹುಲ್ಲು ಬಿಟ್ಟು ಬೇರೇನೂ ಬೆಳೆಯದ ನೆಲಕ್ಕೆ ನಮ್ಮ ಕಡೆ ಜವಳು ಎನ್ನುತ್ತಾರೆ. ಅಂಥ ಎರಡು ಎಕರೆ ಹೊಲ ನೀಲವ್ವನ ಪಾಲಿನದು.

ನೀಲವ್ವನಿಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ, ಬೇರೆ ಮನೆ ಮಾಡಿಕೊಂಡು ಇದ್ದವಳು. ಗಟ್ಟಿ ದನಿ, ಗಟ್ಟಿ ನಗು. ತಂದೆ ಸಾಯುವ ಮುಂಚೆ ಕೆಳಗಿನ ಹೊಲ ನೀಲಾಳಿಗೆ ಎಂದು ಬಾಯಿಮಾತಿನಲ್ಲಿ ಹೇಳಿದ್ದ. ಖಾತೆ ಇನ್ನೂ ಜಂಟಿಯಾಗಿಯೇ ಇತ್ತು. ಮೇಲಿನ ಒಳ್ಳೆಯ ಹೊಲವೆಲ್ಲ ಅಣ್ಣ ಸಂಗಪ್ಪನ ಕೈಯಲ್ಲಿ. ಅಲ್ಲಿ ಆತ ದಾಳಿಂಬೆ ಹಚ್ಚಿದ್ದ. ಸಂಗಪ್ಪ ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಹೋದಾಗಲೆಲ್ಲ ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಪ್ರಯೋಗಕ್ಕೆ ಹೊಲ ಕೇಳಲು ಹೋದ ದಿನ ಆತ ತಂಗಿಯನ್ನು ಅಂಗಳಕ್ಕೆ ಕರೆಸಿ, ನನ್ನ ಮುಂದೆಯೇ ಮಾತು ಮುಗಿಸಿದ.

"ನೋಡ್ರಿ ಸಾಹೇಬ್ರ, ಅಪ್ಪ ಹೇಳಿದ್ದು ನಾ ಇಲ್ಲ ಅನ್ನಂಗಿಲ್ಲ. ಆದ್ರ ಏಳು ವರ್ಷ ಆತು, ಅದರಾಗ ಒಂದು ಕಾಳು ಬಂದಿಲ್ಲ. ನಾ ಅಲ್ಲೊಂದು ಹೊಂಡ ಹೊಡಿಸಿದ್ರ ಮ್ಯಾಲಿನ ದಾಳಿಂಬ್ರಿಗೆ ನೀರಾಗತೈತಿ. ಈ ವರ್ಷ ನಿಮ್ಮ ಬೀಜ ನಾಟಿದ್ರ ಹೊಲ ಅಕೀದು, ನಾ ಮತ್ತ ಅದರ ಸುದ್ದಿ ತಗಿಯಂಗಿಲ್ಲ. ನಾಟ್ಲಿಲ್ಲಂದ್ರ ಹಕ್ಕು ಬಿಟ್ಟೇನಿ ಅಂತ ಸಹಿ ಮಾಡ್ಲಿ. ಏನ ನೀಲಾ, ಆತಿಲ್ಲೋ?"

"ಆತು. ನಾಟ್ಲಿಲ್ಲಂದ್ರ ಮಾಡ್ತೇನಿ" ಎಂದಳು ನೀಲವ್ವ. ಆಮೇಲೆ ನನ್ನ ಕಡೆ ತಿರುಗಿ, "ನಾಟಸು ತಮ್ಮಾ" ಎಂದು ನಕ್ಕಳು.

ಜೂನಿನಲ್ಲಿ ಮಿರಗದ ಮಳೆ ಹದವಾಗಿ ಬಂತು. ಬಿತ್ತನೆಗೆ ಮೂರು ದಿನ ಮೊದಲು ಬೀಜದ ಚೀಲಗಳನ್ನು ನೀಲವ್ವನ ಮನೆಗೆ ಮುಟ್ಟಿಸಿದೆ; ಸಂಗಪ್ಪನೂ ಬಂದಿದ್ದ. ನೀಲವ್ವ ಲೇಪನದ ಚೀಲ ಬಿಚ್ಚಿ ಒಂದು ಮುಷ್ಟಿ ಎತ್ತಿ ನೋಡಿ, "ಕುಸರೆಳ್ಳು ಮಾಡಿದಂಗ ಮಾಡ್ಯಾರಲ್ಲೋ! ಇದನ್ನ ಬಿತ್ತೂದೋ, ಸಂಕ್ರಮಣಕ್ಕ ಊರಿಗೆಲ್ಲಾ ಹಂಚೂದೋ?" ಎಂದಳು. ನಾನೂ ನಕ್ಕೆ. ನಕ್ಕು, ಕಟ್ಟೆಯ ಮೇಲೆ ಕೂತಿದ್ದ ಸಂಗಪ್ಪನ ಹತ್ತಿರ ಹೋಗಿ ಕೂತು, ಅವನಿಗೆ ಎಲ್ಲ ಹೇಳಿದೆ: ಬೀಜ ಒಣಗಿದ ಜಾಗದಲ್ಲಿರಬೇಕು, ನೀರು ಸೋಕಬಾರದು, ಪುಡಿ ಉದುರಬಾರದು, ಇದ್ದ ಹಾಗೆಯೇ ಬಿತ್ತುವ ಕೂರಿಗೆಗೆ ಹಾಕಬೇಕು. ಆತ ತಲೆಯಾಡಿಸಿ, ಇದನ್ನೆಲ್ಲ ಅಚ್ಚು ಹಾಕಿ ನಾನು ಕೊಟ್ಟ ಕರಪತ್ರವನ್ನು ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡ. ಹತ್ತು ಹೆಜ್ಜೆ ದೂರದಲ್ಲಿ ನೀಲವ್ವ ಚೀಲದ ಬಾಯಿ ಕಟ್ಟುತ್ತಿದ್ದಳು. ಹೊಲದ ಮಾತೆಂದರೆ ಗಂಡಸರಿಗೆ ಹೇಳಬೇಕು ಎಂದು ಯಾವ ಕಾಲೇಜೂ ನನಗೆ ಕಲಿಸಿರಲಿಲ್ಲ. ಆದರೂ ಹಾಗೆಯೇ ಮಾಡಿದೆ. ನಮ್ಮ ಮನೆಯಲ್ಲೂ ಬೀಜ ಕಟ್ಟಿಡುವವಳು ಅಮ್ಮ, ತೆಗೆದುಕೊಡುವವಳು ಅಮ್ಮ, ಅದರ ಬಗ್ಗೆ ಮಾತಾಡುವವನು ಮಾತ್ರ ಅಪ್ಪ.

ಮಣ್ಣಿಗೆ ಬಿತ್ತುವ ಹದ, ನಮ್ಮ ಮಾತಿನಲ್ಲಿ ಬೆದೆ, ಬಂದಾಗ ಬಿತ್ತಬೇಕು, ಅದು ಯಾರಿಗೂ ಕಾಯುವುದಿಲ್ಲ. ನಾಲ್ಕೂ ಕಡೆ ಒಂದೇ ಸಲ ಬೆದೆ ಬಂತು. ಮುದ್ದೇಬಿಹಾಳದಲ್ಲಿ ಕೂರಿಗೆ ಹೂಡಿದ ದಿನ ನಾನು ಸಿಂದಗಿಯ ಹೊಲದಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಸಂಗಪ್ಪ ಫೋನಿನಲ್ಲಿ, ಎಲ್ಲ ಚೊಲೊ ಆಯಿತು ಎಂದ. ಎರಡನೆಯ ದಿನ ಸಂಜೆ ಆಕಾಶ ಕಪ್ಪಾಗಿ ಸುರಿಯತೊಡಗಿತು. ಆರಿದ್ರಾ ಮಳೆ ಅಷ್ಟು ದಿನ ಬಿಡದೆ ಸುರಿದದ್ದನ್ನು ನಾನು ಕಂಡಿರಲಿಲ್ಲ. ಐದು ದಿನ ಬಟ್ಟೆ ಒಣಗಲಿಲ್ಲ. ಕೊಡೆಯ ಕಡ್ಡಿ ಮುರಿದು ಗೊಬ್ಬರದ ಚೀಲವನ್ನು ಗೊಂಚಿಗೆಯಂತೆ ಹೊದ್ದು ತಿರುಗಿದೆ. ಕಾಲ್ಬೆರಳುಗಳ ಸಂದಿ ಬೆಳ್ಳಗೆ ಬೆಂದು ಹೋಗಿತ್ತು. ಇಳಿದ ಬಸ್ಸಿನಿಂದ ಹೊಲಕ್ಕೆ, ಹೊಲದಿಂದ ಬಸ್ಸಿಗೆ. ಯಾವ ಊರಿನ ಕೆಸರು ಯಾವ ಕಾಲಿಗೆ ಅಂಟಿದೆ ಎಂದು ತಿಳಿಯದಷ್ಟು ದಣಿದಿದ್ದೆ.

ಎಂಟನೆಯ ದಿನ ಸಿಂದಗಿಯ ಹೊಲಕ್ಕೆ ಹೋದೆ. ಬರಿ ಬೀಜದ ಅರ್ಧ ಬಯಲಾಗಿ ಬಿದ್ದಿತ್ತು, ಅಲ್ಲೊಂದು ಇಲ್ಲೊಂದು ಮೊಳಕೆ. ಲೇಪನದ ಅರ್ಧದಲ್ಲಿ ಸಾಲು ಕಾಣುತ್ತಿತ್ತು! ಕುತ್ತಿಗೆ ಬಗ್ಗಿಸಿ ಮಣ್ಣು ಸೀಳಿಕೊಂಡು ಬಂದ ಚಿಗುರುಗಳು, ಒಂದರ ಹಿಂದೆ ಒಂದು, ಹಗ್ಗ ಹಿಡಿದ ಹಾಗೆ. ಹೊಲದ ಒಡೆಯ ಬದುವಿನ ಮೇಲೆ ಕೂತು ಬೀಡಿ ಹಚ್ಚುವುದನ್ನೇ ಮರೆತಿದ್ದ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಮೊದಲು ನೆನಪಾದವಳು ನೀಲವ್ವ. ಆಕೆಯ ಹೊಲ ಉಳಿಯಿತು ಎಂದುಕೊಂಡೆ. ಅದೇ ಕೆಸರುಗಾಲಲ್ಲಿ ಬಸ್ ಹಿಡಿದು ಮರುದಿನ ಬೆಳಿಗ್ಗೆ ಮುದ್ದೇಬಿಹಾಳಕ್ಕೆ ಹೋದೆ.

ಅಲ್ಲಿ ಎರಡೂ ಅರ್ಧ ಒಂದೇ ಆಗಿದ್ದವು. ಒಂದು ಚಿಗುರೂ ಇಲ್ಲ. ಬದುವಿನ ಮೇಲೆ ಸಂಗಪ್ಪ, ನೀಲವ್ವ ಇಬ್ಬರೂ ನಿಂತಿದ್ದರು. ನಾನು ಲೇಪನದ ಸಾಲಿನಲ್ಲಿ ಕೂತು ಕೈಯಿಂದ ಮಣ್ಣು ಬಗೆದೆ. ಸಿಕ್ಕ ಕಾಳುಗಳು ಮೆತ್ತಗೆ ಕೊಳೆತು ಬೆರಳಿಗೆ ಅಂಟಿಕೊಂಡವು. ಆ ನಾತ ಮೂಗಿನಿಂದ ಎರಡು ದಿನ ಹೋಗಲಿಲ್ಲ. ಆದರೆ ಬಿಳಿ ಪುಡಿಯ ಗುರುತು ಎಲ್ಲಿಯೂ ಇರಲಿಲ್ಲ. ಸಿಂದಗಿಯಲ್ಲಿ ಮೊಳಕೆಯ ಬುಡದಲ್ಲಿ ಕೂಡ ಬೆಳ್ಳನೆಯ ಕಣಗಳು ಅಂಟಿಕೊಂಡಿದ್ದವು.

"ಅಕ್ಕಾ, ಬೀಜದ ಮ್ಯಾಲಿನ ಪುಡಿ ಎಲ್ಲಿ ಹೋತು?" ಎಂದು ಕೇಳಿದೆ.

"ತೊಳದೀನಲ್ಲೋ. ಮೂರು ನೀರು ಹಾಕಿ ಚೊಲೋತ್ನ್ಯಾಗ ತೊಳದೀನಿ. ಎಷ್ಟು ಜಿಗಟ ಇತ್ತಂತೀ ಅದು! ಹಂಗ ಬಿಟ್ಟಿದ್ರ ಕೂರಿಗಿ ಕೊಳವಿ ಕಟ್ಟಿಬಿಡ್ತಿತ್ತು. ಮತ್ತ ನೆರಳಾಗ ಆರಿಸಿ, ಕಸಾ ಕಡ್ಡಿ ತಗದು ಕೊಟ್ಟೀನಿ."

ಅದನ್ನು ಆಕೆ ಹೆಮ್ಮೆಯಿಂದ ಹೇಳಿದಳು. ನಮ್ಮ ಕಡೆ ತೊಗರಿಗೆ ಹುಳ ಬೀಳದಿರಲೆಂದು ಕೆಮ್ಮಣ್ಣಿನ ರಾಡಿ ಸವರಿ ಒಣಗಿಸಿ ಕಟ್ಟಿಡುತ್ತಾರೆ. ಬೇಳೆ ಮಾಡುವಾಗಲೂ ಅಷ್ಟೇ, ಬಿತ್ತುವಾಗಲೂ ಅಷ್ಟೇ, ಆ ಮಣ್ಣು ತೊಳೆದೇ ಕೊಡಬೇಕು. ಮಣ್ಣು ಮೆತ್ತಿದ ಬೀಜವನ್ನು ಕೂರಿಗೆಗೆ ಕೊಡುವ ಹೆಂಗಸನ್ನು ಮೈಗಳ್ಳಿ ಎನ್ನುತ್ತಾರೆ. ನೀಲವ್ವ ಮೈಗಳ್ಳಿಯಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದ ಆಕೆಗೆ ಹೇಳಬೇಕಾದ ಒಂದು ಮಾತನ್ನು ನಾನು ಅವಳ ಅಣ್ಣನ ಕಿಸೆಯಲ್ಲಿ ಇಟ್ಟು ಹೋಗಿದ್ದೆ. ನನ್ನ ಮುಖ ನೋಡಿ ಆಕೆಗೆ ಏನೋ ಹೊಳೆಯಿತು. "ತೊಳೀಬಾರದಿತ್ತೇನೋ?" ಎಂದಳು. ದನಿ ಇಳಿದಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊಳೆತ ಸಾಲನ್ನೇ ನೋಡುತ್ತ ನಿಂತಳು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರಿಗೇ.

ಆ ದಿನ ಮಾತ್ರ ನಾನು ಗಂಡಸಿನಂತೆ ನಡೆದುಕೊಂಡೆ. ಸಂಗಪ್ಪನ ಮುಂದೆ ನಿಂತು, "ತಪ್ಪು ನಂದ್ರಿ. ತೊಳೀಬ್ಯಾಡ ಅಂತ ಅಕ್ಕಗ ನಾ ಹೇಳಬೇಕಿತ್ತು. ನೀವೂ ಹೇಳಿಲ್ಲ. ಆ ಬೀಜ ಪರೀಕ್ಷಾನ ಕುಂತಿಲ್ಲ, ನಪಾಸ ಹ್ಯಾಂಗ ಮಾಡ್ತೀರಿ? ಇನ್ನೊಮ್ಮೆ ಬಿತ್ತಾಕ ಬಿಡ್ರಿ" ಎಂದೆ. ಆತ ಸ್ವಲ್ಪ ಹೊತ್ತು ಕಾಲುವೆಯ ಕಡೆ ನೋಡಿದ. ಕಿಸೆಯಲ್ಲಿ ಮರೆತ ಕರಪತ್ರ ಅವನಿಗೂ ಚುಚ್ಚಿರಬೇಕು.

"ಆತ್ ಬಿಡ್ರಿ, ಇನ್ನೊಮ್ಮೆ ಬಿತ್ತ್ರಿ. ಎರಡನೇ ಸಲ ನಾಟಿದ್ರೂ ಹೊಲ ಅಕೀದ" ಎಂದ. ಬದುವಿನ ಮೇಲೆ ನಾವು ಮೂವರೇ ಇದ್ದೆವು.

ಆದರೆ ಪ್ರತಿ ಹೊಲಕ್ಕೂ ಒಂದು ಕಾರ್ಡು ಇತ್ತು, ಇಲ್ಲಿಯದು, ಖಾತೆಯಲ್ಲಿ ಹೆಸರಿದ್ದವನೆಂದು, ಸಂಗಪ್ಪನ ಮನೆಯಲ್ಲಿರುತ್ತಿತ್ತು. ಆವತ್ತಿನ ಸ್ಥಿತಿ ಆವತ್ತೇ ಬರೆಯಬೇಕೆಂದು ನಿಯಮ. "ಲೇಪನದ ಸಾಲು: ನಾಟಿಲ್ಲ" ಎಂದು ಬರೆದು ಸಹಿ ಹಾಕಿದೆ. ಎರಡನೆಯ ಬಿತ್ತನೆಗೆ ಆ ಕಾರ್ಡಿನಲ್ಲಿ ಕಾಲಂ ಇರಲಿಲ್ಲ. ಬೀಜವೂ ಇರಲಿಲ್ಲ. ಬಾಗೇವಾಡಿಯ ಹೊಲದಲ್ಲಿ ತುರ್ತಿಗೆಂದು ಇಟ್ಟಿದ್ದ ಒಂದು ಸಣ್ಣ ಚೀಲ ಮಾತ್ರ ಉಳಿದಿತ್ತು, ಅದನ್ನು ಕಚೇರಿಗೆ ಮರಳಿಸಬೇಕಿತ್ತು. ನಮ್ಮ ಸಾಹೇಬರು ನಿಯಮದ ಮನುಷ್ಯ. ಕೇಳಿದರೆ ಬೇಡವೆನ್ನುತ್ತಾರೆ ಎಂದು ಗೊತ್ತಿತ್ತು. ಕೇಳಲಿಲ್ಲ. ರಿಜಿಸ್ಟರಿನಲ್ಲಿ "ಒಂದು ಚೀಲ ಮಳೆಗೆ ನೆನೆದು ಕೆಟ್ಟಿದೆ" ಎಂದು ಬರೆದು, ಆ ಚೀಲವನ್ನು ನೀಲವ್ವನಿಗೆ ಕೊಟ್ಟೆ. ಒಳ್ಳೆಯದಕ್ಕೆ ಆಡಿದ ಸುಳ್ಳು ಎಂದು ಮನಸ್ಸಿಗೆ ಹೇಳಿಕೊಂಡೆ. ಆ ಸುಳ್ಳು ನನ್ನ ಕೊರಳಿಗೇ ಬರುತ್ತದೆಂದು ಆಗ ಅನಿಸಲಿಲ್ಲ.

ಪುಷ್ಯ ಮಳೆಯ ಹೊತ್ತಿಗೆ ಬಿತ್ತಿದೆವು. ಕೂರಿಗೆ ಇಳಿಯದಷ್ಟು ಹಸಿ ಇತ್ತು, ಕೈಯಿಂದಲೇ ಊರಬೇಕಾಯಿತು. ಆಕೆ ಕೋಲಿನಿಂದ ತೂತು ಮಾಡಿ ಮುಂದೆ ಹೋಗುವಳು, ನಾನು ಎರಡು ಕಾಳು ಹಾಕಿ ಮಣ್ಣು ಮುಚ್ಚುವೆ. ಒಂದು ಚೀಲಕ್ಕೆ ಹೊಲದ ಕಾಲುಭಾಗವಷ್ಟೇ ಆಯಿತು. ಎರಡು ದಿನ ಬಾಗಿ ಬಾಗಿ ನನ್ನ ಸೊಂಟ ನನ್ನದಾಗಿ ಉಳಿಯಲಿಲ್ಲ. ಆಕೆ ಶಾಲೆಯ ಅಡುಗೆ ಮುಗಿಸಿ ಬರುತ್ತಿದ್ದಳು, ಬರುವಾಗ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬರುತ್ತಿದ್ದಳು. "ಉಣ್ಣು. ಸರಕಾರ ನಿನಗ ಪಗಾರ ಕೊಡತೈತಿ, ಊಟ ಕೊಡಂಗಿಲ್ಲ" ಎಂದು ಗದರಿಸುತ್ತಿದ್ದಳು. ಬಿತ್ತಿದ ಮೇಲೆ ಸಲಿಕೆ ಹಿಡಿದು ಹೊಲದ ನಡುವೆ ನೀರು ಬಸಿಯಲು ಒಂದು ಕಾಲುವೆ ತೋಡಿದಳು. ಲೇಪನ ಮೊಳಕೆಯನ್ನು ಹೊಸ್ತಿಲು ದಾಟಿಸುತ್ತದೆ, ಅಷ್ಟೇ; ಮುಂದೆ ಬೇರು ಕೊಳೆಯದ ಹಾಗೆ ನೋಡಿಕೊಳ್ಳುವುದು ಹೊಲದವರ ಕೆಲಸ. ಈ ಸಲ ಇದನ್ನು ನಾನು ಆಕೆಗೇ ಹೇಳಿದ್ದೆ.

ಮತ್ತೆ ಮಳೆ ಹಿಡಿಯಿತು. ನಾಲ್ಕು ದಿನ ಊರಿದ ಜಾಗದ ಮೇಲೆ ನೀರು ಕನ್ನಡಿಯಂತೆ ನಿಂತಿತ್ತು. ನಾನು ಇಂಡಿಯಲ್ಲಿ ಕೂತು ಶಾಲೆಯ ಗುರುಗಳ ಫೋನಿಗೆ ಕಾಯುತ್ತಿದ್ದೆ, ನೀಲವ್ವನ ಸುದ್ದಿಯೆಲ್ಲ ಬರುತ್ತಿದ್ದುದು ಆ ಫೋನಿನಲ್ಲೇ. ಹತ್ತನೆಯ ದಿನ ಮಧ್ಯಾಹ್ನ ಫೋನು ಬಂತು. ಹಿಂದೆ ಮಕ್ಕಳ ಗದ್ದಲ, ತಟ್ಟೆಗಳ ಸದ್ದು. ಆಕೆ ಕೂಗುತ್ತಿದ್ದಳು: "ನಾಟ್ಯಾವೋ ತಮ್ಮಾ! ನಾಟ್ಯಾವ! ಜೋಡಿ ಜೋಡಿ ಎದ್ದಾವ!" ನಾನು ಏನು ಹೇಳಿದೆನೋ ನೆನಪಿಲ್ಲ. ಆ ವರ್ಷದ ದಣಿವಿನಲ್ಲಿ ನಾನು ನಿಜವಾಗಿ ನಕ್ಕದ್ದು ಅದೊಂದೇ ಮಧ್ಯಾಹ್ನ.

ಉತ್ತರಾ ಮಳೆಯ ಹೊತ್ತಿಗೆ ಹೋದಾಗ ತೊಗರಿ ಮಂಡಿಯವರೆಗೆ ಬಂದಿತ್ತು. ಏಳು ವರ್ಷ ಜೇಕು ಮಾತ್ರ ಕಂಡಿದ್ದ ನೆಲದಲ್ಲಿ ಕಾಲುಭಾಗ ಹಸಿರು. ಸಂಗಪ್ಪ ನನ್ನ ಜೊತೆ ಸುತ್ತಾಡಿ, ಗಿಡಗಳನ್ನು ಕೈಯಿಂದ ಸವರಿ ನೋಡಿದ. "ಅಲ್ರಿ ಸಾಹೇಬ್ರ, ಆ ಬೀಜ ಎಲ್ಲಿ ಸಿಗತೈತಿ? ಬರೂ ವರ್ಷ ನಾನೂ ಒಂದೆರಡು ಚೀಲ ತರಬೇಕಂತ ಮಾಡೀನಿ" ಎಂದ. ಅವನ ಹೊಲಗಳೆಲ್ಲ ಎತ್ತರದವು, ನೀರು ನಿಲ್ಲುವಂಥವಲ್ಲ. ಅವನಿಗೆ ಈ ಬೀಜ ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಪ್ರಯೋಗ ಗೆದ್ದ ಖುಷಿಯಲ್ಲಿದ್ದೆ. ಕೆಟ್ಟ ನೆಲವಾಗಿದ್ದಷ್ಟು ದಿನ ಆ ಹೊಲವನ್ನು ಯಾರೂ ಅಷ್ಟಾಗಿ ಬಯಸಿರಲಿಲ್ಲ. ಬೆಳೆ ಬರುವ ನೆಲವೆಂದು ತೋರಿಸಿಕೊಟ್ಟವನು ನಾನು.

ತೊಗರಿ ಹೂವಾಡುವಾಗ ಮತ್ತೆ ಗುರುಗಳ ಫೋನಿನಿಂದ ನೀಲವ್ವ ಮಾತಾಡಿದಳು. ಈ ಸಲ ಕೂಗಲಿಲ್ಲ. "ಅಣ್ಣ ಮಾತು ಬದಲ ಮಾಡ್ಯಾನೋ. ನಾ ಹೇಳಿದ್ದು ಮೊದಲನೇ ಬಿತ್ತಗಿ ಮಾತು, ಅದು ನಾಟಿಲ್ಲ, ಸಹಿ ಮಾಡು ಅಂತಾನ. ಎರಡನೇದು ನಿಮ್ಮ ಖುಷಿಗೆ ಬಿತ್ತೀರಿ, ಅದರ ಮಾತ ಆಗಿಲ್ಲ ಅಂತಾನ. ನೀ ಬರದ ಕಾರ್ಡ ಎಲ್ಲಾರಿಗೂ ತೋರ್ಸಾಕತ್ತಾನ. ಸೋಮವಾರ ಹಿರ್ಯಾರು ಕೂಡತಾರ. ನೀ ಬಂದು ಬರೇ ಒಂದು ಮಾತು ಹೇಳು. ಬದುವಿನ ಮ್ಯಾಲೆ ಅಂವ ಅಂದಿದ್ದು ನೀ ಕೇಳೀದಿ. ನನ್ನ ಮಾತು ಯಾರು ನಂಬತಾರ? ನೀ ಕಚೇರಿ ಮನಷ್ಯಾ, ನಿನ್ನ ಮಾತು ನಡೀತೈತಿ."

"ಬರ್ತೇನಕ್ಕಾ, ಗ್ಯಾರಂಟಿ ಬರ್ತೇನಿ" ಎಂದೆ. ಹೇಳುವಾಗ ಹೋಗುವವನೇ ಆಗಿದ್ದೆ.

ಆ ವಾರವೇ ನನ್ನ ಗುತ್ತಿಗೆ ಮುಂದುವರಿಸುವ ಕಾಗದ ಸಾಹೇಬರ ಮೇಜಿನ ಮೇಲಿತ್ತು. ಹಿರಿಯರ ಮುಂದೆ ಎರಡನೆಯ ಬಿತ್ತನೆ ಆಯಿತೆಂದು ಹೇಳಿದರೆ ಬೀಜ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಾರೆ. ಸಂಗಪ್ಪ ಕೇಳದೆ ಬಿಡುತ್ತಾನೆಯೇ? ಆ ಮಾತು ಕಚೇರಿ ಮುಟ್ಟುತ್ತದೆ, ನೆನೆದು ಕೆಟ್ಟ ಚೀಲದ ಸುಳ್ಳು ಹೊರಬೀಳುತ್ತದೆ. ಗುತ್ತಿಗೆ ನೌಕರನ ಬೆನ್ನೆಲುಬು ಹನ್ನೊಂದು ತಿಂಗಳಿಗೊಮ್ಮೆ ನವೀಕರಣವಾಗುವ ವಸ್ತು. ಸೋಮವಾರ ಬೆಳಿಗ್ಗೆ ಹೊರಟೆ. ವಿಜಯಪುರದಲ್ಲಿ ಬಸ್ ಬದಲಿಸಿ ಬಾಗೇವಾಡಿಯಲ್ಲಿ ಇಳಿದೆ. ಮುದ್ದೇಬಿಹಾಳದ ಬಸ್ ನಿಂತಿತ್ತು, ಎಂಜಿನ್ ಚಾಲೂ ಇತ್ತು, ಕಿಟಕಿಯ ಪಕ್ಕ ಸೀಟು ಖಾಲಿ ಇದ್ದದ್ದೂ ಕಾಣುತ್ತಿತ್ತು. ಒಂದು ಚಹಾ ಕುಡಿದು ಹತ್ತೋಣ ಎಂದುಕೊಂಡೆ. ಚಹಾ ಕುಡಿದೆ. ಇನ್ನೊಂದು ಕುಡಿದೆ. ಕಂಡಕ್ಟರ್ ಸೀಟಿ ಊದಿದ, ಬಸ್ ಹೋಯಿತು. ನಾನು ಆ ಬಸ್ಸಿನ ಹಿಂಭಾಗ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ವಿಜಯಪುರದ ಬಸ್ ಹತ್ತಿದೆ. ಫೋನನ್ನು ಆರಿಸಿಟ್ಟೆ. ದಣಿದಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ದಣಿದಿದ್ದೆ, ಸುಳ್ಳಲ್ಲ. ಆದರೆ ಹೆದರಿದ್ದೆ ಎಂಬುದು ಅದಕ್ಕಿಂತ ನಿಜ.

ಯೋಜನೆಗೆ ಮುಂದಿನ ವರ್ಷ ಮುಂದುವರಿಕೆಯೇ ಸಿಗಲಿಲ್ಲ, ನನ್ನ ಗುತ್ತಿಗೆಯೂ ಅದರೊಡನೆ ಮುಗಿಯಿತು. ವರದಿಯಲ್ಲಿ ಮೂರು ಹೊಲಗಳ ಫಲಿತಾಂಶ ಬಂತು. ಮುದ್ದೇಬಿಹಾಳದ ಎದುರು ಒಂದು ಗೆರೆ ಎಳೆದಿದ್ದರು. ನಾನು ಅಂಗಡಿಗೆ ಸೇರಿದೆ. ಆ ಊರಿಗೆ ಮತ್ತೆ ಹೋಗಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ.

ಕಳೆದ ತಿಂಗಳು ಆ ಪೊಟ್ಟಣ ಬಂದ ನಾಲ್ಕನೆಯ ದಿನ ರಜೆ ಹಾಕಿ ಹೋದೆ. ಊರ ಮುಂದೆ ಇಳಿದು ಮೊದಲು ಕೆಳಗಿನ ಹೊಲಕ್ಕೆ ಹೋಗಿ ನಿಂತೆ. ನಡುವೆ ಜೆಸಿಬಿಯಿಂದ ತೋಡಿದ ಆಳವಾದ ಬಸಿಗಾಲುವೆ, ಎರಡೂ ಕಡೆ ಬಿತ್ತನೆಗೆ ಹದ ಮಾಡಿಟ್ಟ ಮಣ್ಣು. ಹೊಂಡ ಇರಲಿಲ್ಲ. ಯಾರ ಹೊಲ ಎಂದು ಕೇಳುವ ಅಗತ್ಯ ಬೀಳಲಿಲ್ಲ, ಬದುವಿನ ಮೇಲೆ ಸಂಗಪ್ಪನ ಟ್ರ್ಯಾಕ್ಟರ್ ನಿಂತಿತ್ತು.

ಶಾಲೆಯಲ್ಲಿ ಮಕ್ಕಳು ಉಂಡು ಎದ್ದಿದ್ದರು. ನೀಲವ್ವ ಅಡುಗೆ ಕೋಣೆಯ ಬಾಗಿಲಲ್ಲಿ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. "ಬಾ ತಮ್ಮಾ. ಸೊರಗೀದಲ್ಲೋ. ಕುಂದರು" ಎಂದು ಮಣೆ ಸರಿಸಿ, ತಟ್ಟೆಯಲ್ಲಿ ಅನ್ನ ಹಾಕಿ ಮೇಲೆ ಬೇಳೆಯ ಸಾರು ಸುರಿದಳು. ನಾನು ಅನ್ನ ಕಲಸುತ್ತ ಕೂತೆ. ಬಾಯಿಗೆ ಇಡಲು ಆಗಲಿಲ್ಲ.

"ಸಹಿ ಮಾಡಿದೇನಕ್ಕಾ?" ಎಂದೆ.

"ಮಾಡಿದ್ನಿ. ಹಿರ್ಯಾರು ಕಾರ್ಡ ನೋಡಿದ್ರು. ನಿನಗ ಕಾಯೋಣು ಅಂದ್ನಿ. ಮೂರು ಬಸ್ ಕಾದ್ರು ಪಾಪ, ಎಷ್ಟಂತ ಕಾಯ್ತಾರ. ಆ ವರ್ಷದ ಬೆಳಿ ನೀ ತಗೋ ಅಂದ ಅಣ್ಣ. ತಗೊಂಡ್ನಿ." ಆಕೆ ಪಾತ್ರೆಗೆ ಬೂದಿ ಹಾಕಿ ಮತ್ತೆ ತಿಕ್ಕತೊಡಗಿದಳು.

ಬರುವ ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡಿದ್ದ ಮಾತು ಒಂದಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಅವತ್ತ ಬಸ್ ಕೆಟ್ಟಿತ್ತಕ್ಕಾ" ಎಂದೆ.

"ಹೂಂ. ನಾನೂ ಅಲ್ಲಿ ಹಂಗ ಹೇಳಿದ್ನಿ" ಎಂದಳು ನೀಲವ್ವ. ಪಾತ್ರೆಯಿಂದ ಕಣ್ಣು ಎತ್ತಲಿಲ್ಲ. "ಬಸ್ಸಿನ ಕಂಡಕ್ಟರ್ ನಮ್ಮ ಊರಾಂವ. ಆ ಸಾಹೇಬ್ರು ಬಾಗೇವಾಡಿ ಸ್ಟ್ಯಾಂಡಿನ್ಯಾಗ ಚಾ ಕುಡ್ಕೋತ ನಿಂತಿದ್ರು, ಹತ್ತಲಿಲ್ಲ ಅಂತ ಬಂದು ಹೇಳಿದ. ಅಣ್ಣ ನಗಾಕ ಹತ್ತಿದ. ಇಲ್ರಿ, ಆ ತಮ್ಮ ಅಂಥಾಂವ ಅಲ್ಲ, ಬಸ್ ಕೆಟ್ಟಿರಬೇಕು ಅಂತ ಹಿರ್ಯಾರಿಗೆ ನಾನ ಹೇಳಿ, ಸಹಿ ಮಾಡಿದ್ನಿ."